ದಾವಣಗೆರೆಯಲ್ಲಿ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಹೋಮ್ ನರ್ಸ್: ಗಂಟಲಿಗೆ ಟ್ಯೂಬ್ ಇರುವ ಅಪ್ಪನಿಗೆ ಒಬ್ಬರು ಸಾಕಾ?

ನಿಟ್ಟುವಳ್ಳಿ ಮಗಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಪ್ಪನಿಗೆ 69. ನಿವೃತ್ತ ಮೇಷ್ಟ್ರು. ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಬಿದ್ದಿದೆ, ಮಾತೂ ಹೋಗಿದೆ. ವೆಂಟಿಲೇಟರ್ ಮೇಲೆ ಜಾಸ್ತಿ ದಿನ ಇದ್ದಿದ್ದಕ್ಕೆ ಗಂಟಲಿಗೆ ತೂತು ಮಾಡಿ ಉಸಿರಿಗೆ ಟ್ಯೂಬ್ ಹಾಕಿದ್ದಾರೆ, ಟ್ರೇಕಿಯಾಸ್ಟಮಿ ಅಂತಾರೆ. ಈಗ ಉಸಿರು ತಾವೇ ಆಡುತ್ತಾರೆ, ಆದರೆ ಟ್ಯೂಬ್ ಹಾಗೇ ಇದೆ. ಮೂಗಿನಲ್ಲಿ ಊಟದ ಪೈಪು, ಮೂತ್ರಕ್ಕೆ ಕ್ಯಾತಿಟರ್. ಶುಗರ್ ಬೇರೆ. ಮುಂದಿನ ವಾರ ಡಿಸ್ಚಾರ್ಜ್ ಅಂತ ಹೇಳಿದ್ದಾರೆ.

ಮನೆಯಲ್ಲಿ ನಾನು, ಅಮ್ಮ. ಅಮ್ಮನಿಗೆ ಮಂಡಿನೋವು. ನಾನು ಶಾಲೆಗೆ ಹೋಗಬೇಕು. ತಮ್ಮ ಬೆಂಗಳೂರಿನಲ್ಲಿ. ಒಂದು ಏಜೆನ್ಸಿಯವರು ಒಬ್ಬ ಹೋಮ್ ನರ್ಸ್ ಕಳಿಸುತ್ತೇವೆ, 24 ಗಂಟೆ ಮನೆಯಲ್ಲೇ ಇರುತ್ತಾರೆ, ತಿಂಗಳಿಗೆ 26 ಸಾವಿರ, ಊಟ ನಿಮ್ಮದು, ಒಂದು ತಿಂಗಳದ್ದು ಅಡ್ವಾನ್ಸ್ ಅಂದರು. ತಮ್ಮ ಕೂಡಲೇ ಹೂಂ ಅನ್ನು ಅಂತಾನೆ. ನನಗೆ ಧೈರ್ಯ ಬರುತ್ತಿಲ್ಲ. ಇಂಥ ಪೇಷಂಟನ್ನು ಮನೆಯಲ್ಲಿ ನೋಡಿಕೊಂಡವರು ಇದ್ದರೆ ಹೇಳಿ.

ಬೆಣ್ಣೆದೋಸೆ ಅಭಿಮಾನಿ
ಯಾರನ್ನಾದರೂ ಇಟ್ಟುಕೊಳ್ಳಿ, ಮೊದಲು ಕ್ಯಾಮೆರಾ ಹಾಕಿಸಿ. ಅಷ್ಟೇ ನಾನು ಹೇಳೋದು.

ಹರಿಹರದ ಸೊಸೆ
ಅಕ್ಕ, ಧೈರ್ಯ ತಂದುಕೊಳ್ಳಿ. ನಮ್ಮ ಮಾವನವರನ್ನು ಹೀಗೇ ಕರೆದುಕೊಂಡು ಬಂದಿದ್ದೆವು. ಗಂಟಲಿನ ಟ್ಯೂಬ್ ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಮನೆಗೆ ಬಂದ ಮೇಲೆ ಮುಖದಲ್ಲಿ ಕಳೆ ಬಂತು. ಆದರೆ ನಾನು ಕೆಲಸ ಬಿಟ್ಟೆ, ಅದನ್ನೂ ಹೇಳಿಬಿಡುತ್ತೇನೆ. ಯಾರೂ ಬಿಡು ಅನ್ನಲಿಲ್ಲ. ಬೇರೆ ಯಾರೂ ಬಿಡಲೂ ಇಲ್ಲ.

ರಾತ್ರಿಪಾಳಿ
ಅಕ್ಕ, ನಾನು ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಓದಿದ ನರ್ಸ್, ಊರು ಜಗಳೂರು ಕಡೆ. ಈಗ ವಾರ್ಡಿನಲ್ಲಿದ್ದೇನೆ. ಅದಕ್ಕೂ ಮುಂಚೆ ಮನೆಗಳಲ್ಲೇ ಉಳಿದು ಕೆಲಸ ಮಾಡಿದ್ದೇನೆ. ಹಾಗಾಗಿ ನಿಮ್ಮ ಕಡೆಯದ್ದೂ ಗೊತ್ತು, ಬರುವವರ ಕಡೆಯದ್ದೂ ಗೊತ್ತು.

ಒಬ್ಬರು ಸಾಕಾಗುವುದಿಲ್ಲ. ಏಜೆನ್ಸಿಯವರು 24 ಗಂಟೆ ಅಂದರೆ ಆ ಹುಡುಗಿ ನಿಮ್ಮ ಮನೆಯಲ್ಲೇ ಮಲಗುತ್ತಾಳೆ ಅಂತ ಅರ್ಥ. ಎಚ್ಚರವಾಗಿರುತ್ತಾಳೆ ಅಂತಲ್ಲ. ನಿಮ್ಮ ಅಪ್ಪನಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಕಫ ಯಾವಾಗ ಕಟ್ಟುತ್ತದೆ ಅಂತ ಹೇಳೋಕೆ ಬರಲ್ಲ. ಗಂಟಲಿಗೆ ಟ್ಯೂಬ್ ಇದ್ದವರು ಕೂಗಿ ಕರೆಯಲಾರರು, ಯಾಕಂದರೆ ಗಾಳಿ ಧ್ವನಿಪೆಟ್ಟಿಗೆಗೆ ಹೋಗದೆ ಟ್ಯೂಬಿನಲ್ಲೇ ಆಚೆ ಬರುತ್ತದೆ. ಉಸಿರು ಕಟ್ಟಿದರೂ ಸದ್ದಿರುವುದಿಲ್ಲ. ಹಗಲೆಲ್ಲ ದುಡಿದು ರಾತ್ರಿ ಗಾಢ ನಿದ್ದೆ ಮಾಡುವ ಒಬ್ಬಳನ್ನು ನಂಬಿ ಇವರನ್ನು ಬಿಡಬಾರದು. ಮೊದಲ ವಾರ ಅವಳು ಏಳುತ್ತಾಳೆ. ಎರಡನೇ ವಾರವೂ ಏಳುತ್ತಾಳೆ. ಆಮೇಲೆ ಅವಳ ಕೈಯಲ್ಲಾಗುವುದಿಲ್ಲ. ಅವಳನ್ನು ಬೈದು ಪ್ರಯೋಜನ ಇಲ್ಲ.

ಇನ್ನೊಂದು. ‘ಹೋಮ್ ನರ್ಸ್’ ಅಂತ ಕಳಿಸುವವರಲ್ಲಿ ನರ್ಸಿಂಗ್ ಓದಿದವರು ಎಷ್ಟು ಅಂತ ಕೇಳಿ. ಸ್ನಾನ, ಡೈಪರ್, ಊಟ ನೋಡಿಕೊಳ್ಳುವ ಅಟೆಂಡರ್ ಒಬ್ಬರು ಬೇಕು. ಅವರ ಕೆಲಸ ಸಣ್ಣದಲ್ಲ. ಆದರೆ ಟ್ಯೂಬಿಗೆ ಸಕ್ಷನ್ ಹಾಕಿ ಕಫ ಎಳೆದು ತೆಗೆಯುವುದು, ಕ್ಯಾತಿಟರ್ ಬದಲಿಸುವುದು, ಇನ್ಸುಲಿನ್ ಡೋಸ್ ನೋಡುವುದು ಬೇರೆ ಕೆಲಸ. ನರ್ಸ್ ಅಂದರೆ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ನಂಬರ್ ಇರುತ್ತದೆ. ಕೇಳಿ. ಕೇಳಿದರೆ ನಿಜವಾದ ನರ್ಸ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಡಿಸ್ಚಾರ್ಜ್ ಆಗುವ ಮುಂಚೆ ಎರಡು ಕೆಲಸ ಮಾಡಿ. ಒಂದು, ಇಎನ್‌ಟಿ ಡಾಕ್ಟರನ್ನು ಕೇಳಿ, ಈ ಟ್ಯೂಬ್ ತೆಗೆಯುವ ಯೋಚನೆ ಇದೆಯಾ, ಯಾವಾಗ ಬಂದು ತೋರಿಸಬೇಕು ಅಂತ. ತಾವೇ ಉಸಿರಾಡುತ್ತಾ, ಚೆನ್ನಾಗಿ ಕೆಮ್ಮುತ್ತಾ ಇದ್ದರೆ ಎಷ್ಟೋ ಜನರಿಗೆ ಆಮೇಲೆ ತೆಗೆಯುತ್ತಾರೆ. ಕೇಳದೇ ಬಂದ ಮನೆಯವರು ಅದು ಜೀವನಪೂರ್ತಿ ಅಂದುಕೊಂಡು ಕೂತಿರುತ್ತಾರೆ. ಎರಡು, ಮನೆಯವರಲ್ಲಿ ಇಬ್ಬರು ಸಕ್ಷನ್ ಕಲಿತೇ ಹೊರಡಬೇಕು. ಸಿಸ್ಟರ್ ಮಾಡುವುದನ್ನು ನೋಡಿದರೆ ಸಾಲದು. ಅವರು ಪಕ್ಕದಲ್ಲಿ ನಿಂತಿರಬೇಕು, ನಿಮ್ಮ ಕೈಯಲ್ಲಿ ಪೈಪ್ ಇರಬೇಕು.

ನಿಟ್ಟುವಳ್ಳಿ ಮಗಳು
ತಂಗಿ, ತುಂಬಾ ಥ್ಯಾಂಕ್ಸ್. ನಿಜ ಹೇಳಬೇಕಂದರೆ ಓದಿ ಭಯ ಇನ್ನೂ ಜಾಸ್ತಿ ಆಯಿತು. ಸಕ್ಷನ್ ನಾನು ಮಾಡಬೇಕಾ? ಅಪ್ಪ ಕೆಮ್ಮಿದಾಗ ಮುಖ ಕೆಂಪಾಗುತ್ತದೆ, ನನಗೆ ನೋಡೋಕೇ ಆಗಲ್ಲ.

ರಾತ್ರಿಪಾಳಿ
ಆಗುತ್ತದೆ ಅಕ್ಕ. ಏಳನೇ ಕ್ಲಾಸ್ ಓದಿದ ತಾಯಂದಿರು ನನಗಿಂತ ಚೆನ್ನಾಗಿ ಮಾಡಿದ್ದನ್ನು ನೋಡಿದ್ದೇನೆ. ಕೈ ಚೆನ್ನಾಗಿ ತೊಳೆಯಬೇಕು. ಪೈಪ್ ಒಳಗೆ ಹೋಗುವಾಗ ಸೆಳೆತ ಇರಬಾರದು, ಆಚೆ ತೆಗೆಯುವಾಗ ಮಾತ್ರ ಇರಬೇಕು. ಒಂದು ಸಲಕ್ಕೆ 10ರಿಂದ 15 ಸೆಕೆಂಡ್, ಅದಕ್ಕಿಂತ ಜಾಸ್ತಿ ಬೇಡ. ಎಷ್ಟು ಆಳ ಅಂತ ನಿಮ್ಮ ಅಪ್ಪನ ಟ್ಯೂಬಿಗೆ ತಕ್ಕಂತೆ ಆಸ್ಪತ್ರೆಯಲ್ಲೇ ಅಳತೆ ತೋರಿಸಿಕೊಡುತ್ತಾರೆ, ಗುರುತು ಮಾಡಿಕೊಳ್ಳಿ. ಮಧ್ಯೆ ಉಸಿರಾಡೋಕೆ ಬಿಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಪಕ್ಕದಲ್ಲಿರಲಿ. ಗಂಟೆ ಹೊಡೆದ ಹಾಗೆ ಟೈಮ್ ನೋಡಿ ಸಕ್ಷನ್ ಮಾಡಬೇಡಿ. ಗೊರಗೊರ ಸದ್ದು ಬಂದಾಗ, ಕಫ ಕಂಡಾಗ, ಆಕ್ಸಿಜನ್ ಇಳಿದಾಗ ಮಾಡಿ. ಸುಮ್ಸುಮ್ನೆ ಮಾಡಿದರೆ ಒಳಗೆ ಗಾಯ ಆಗುತ್ತದೆ.

ಒಳಗಿನ ಟ್ಯೂಬ್ ಬೇರೆ ಬರುವಂಥದ್ದಾದರೆ ಅದನ್ನು ದಿನಾ ತೆಗೆದು ತೊಳೆಯಬೇಕು. ಉಸಿರು ಏಕಾಏಕಿ ಕಟ್ಟಿದರೆ, ಪೈಪ್ ಒಳಗೆ ಹೋಗದೇ ಇದ್ದರೆ ಮೊದಲು ಮಾಡುವುದೂ ಅದೇ. ಒಳಗಿನದನ್ನು ತೆಗೆಯಬೇಕು, 108ಕ್ಕೆ ಇನ್ನೊಬ್ಬರು ಫೋನ್ ಮಾಡಬೇಕು. ಇದಕ್ಕೇ ನಾನು ಇಬ್ಬರು ಅಂದದ್ದು.

ನಮ್ಮ ಕಡೆ ಬೇಸಿಗೆ ಗೊತ್ತಲ್ಲ, ಗಾಳಿ ಒಣ ಒಣ. ಮೂಗಿನಿಂದ ಉಸಿರಾಡಿದರೆ ಗಾಳಿ ತೇವ ಆಗಿ ಒಳಗೆ ಹೋಗುತ್ತದೆ. ಟ್ಯೂಬಿನಲ್ಲಿ ಆ ಭಾಗ್ಯ ಇಲ್ಲ. ಕಫ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನೆಬ್ಯುಲೈಜರ್‌ನಲ್ಲಿ ಸಲೈನ್ ಕೊಡಬೇಕಾ, ಟ್ಯೂಬಿನ ಬಾಯಿಗೆ ಫಿಲ್ಟರ್ ಹಾಕಬೇಕಾ ಅಂತ ಕೇಳಿಕೊಂಡೇ ಬನ್ನಿ. ಮನೆ ಮಂಡಕ್ಕಿ ಭಟ್ಟಿ ಹೊಗೆ ಬರುವ ಕಡೆ ಇದ್ದರೆ ಆ ಕಿಟಕಿ ಮುಚ್ಚಿಬಿಡಿ. ಊದುಬತ್ತಿ, ಲೋಬಾನ ಎಲ್ಲ ಬೇರೆ ರೂಮಿನಲ್ಲಿ.

ಬೆಂಗಳೂರಲ್ಲಿರೋ ಮಗ
ಎಲ್ಲರೂ ಹೆದರಿಸುತ್ತಾ ಇದ್ದೀರಿ. ಇಬ್ಬರನ್ನು ಇಟ್ಟರೆ ಖರ್ಚು ಡಬಲ್. ಮಧ್ಯಮ ವರ್ಗದವರು ಎಲ್ಲಿಗೆ ಹೋಗಬೇಕು? ನಮ್ಮ ಅಮ್ಮನಿಗೆ ಒಬ್ಬರೇ ಇದ್ದಾರೆ, ನಡೀತಾ ಇದೆ.

ಹರಿಹರದ ಸೊಸೆ
ಸರ್, ರಾತ್ರಿ ಯಾರು ಏಳುತ್ತಾರೆ ನಿಮ್ಮ ಮನೆಯಲ್ಲಿ?

ಬೆಂಗಳೂರಲ್ಲಿರೋ ಮಗ
ಅತ್ತಿಗೆ ಇದ್ದಾರೆ.

ಹರಿಹರದ ಸೊಸೆ
ಹಾಗಾದರೆ ಇಬ್ಬರಿದ್ದಾರೆ. ಒಬ್ಬರಿಗೆ ಸಂಬಳ ಇಲ್ಲ, ಅಷ್ಟೇ ವ್ಯತ್ಯಾಸ.

ದುರ್ಗದ ಅಮ್ಮ
ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಚಿಕ್ಕಂದಿನಲ್ಲೇ ಮಿದುಳಿಗೆ ತೊಂದರೆಯಾಗಿ ಮೈ ಹಿಡಿತಕ್ಕೆ ಸಿಗದ ಸ್ಥಿತಿ. ಈಗ ಅವನಿಗೆ 23. ಕೂರಲಾರ, ಮಾತಿಲ್ಲ, ಫಿಟ್ಸ್ ಬರುತ್ತದೆ. ಹೊಟ್ಟೆಗೆ ನೇರವಾಗಿ ಊಟ ಹೋಗುವ ಪೆಗ್ ಟ್ಯೂಬ್ ಹಾಕಿಸಿದ್ದೇವೆ. ಮನೆಯಲ್ಲಿ ಉಳಿದು ನೋಡಿಕೊಳ್ಳುವವರು ಎಷ್ಟೋ ಜನ ಬಂದು ಹೋಗಿದ್ದಾರೆ. ಒಳ್ಳೆಯವರೂ ಇದ್ದರು, ಸಂಬಳ ತಗೊಂಡು ಬೆಳಿಗ್ಗೆ ನೋಡಿದರೆ ಕಾಣೆಯಾದವರೂ ಇದ್ದರು.

ಜನ ಬದಲಾಗುತ್ತಾರೆ ಅಂತ ಇಟ್ಟುಕೊಂಡೇ ಮನೆ ನಡೆಸಬೇಕು. ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಅವನಿಗೆ ಯಾವ ಮಗ್ಗುಲಲ್ಲಿ ಮಲಗಿದರೆ ಹಾಯಿ, ಫಿಟ್ಸ್ ಬರುವ ಮುಂಚೆ ಕಣ್ಣು ಹೇಗೆ ಮಾಡುತ್ತಾನೆ, ನೋವಾದರೆ ಯಾವ ಸದ್ದು, ಯಾವ ಮಾತ್ರೆ ಪುಡಿ ಮಾಡಬಾರದು, ಎಲ್ಲ ಬರೆದಿದೆ. ಹೊಸಬರು ಬಂದರೆ ಮೊದಲ ದಿನ ಅದನ್ನು ಓದುತ್ತಾರೆ, ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಕೊನೆಯ ಪುಟಗಳಲ್ಲಿ ದಿನದ ಲೆಕ್ಕ: ಎಷ್ಟು ಊಟ ಹೋಯಿತು, ಎಷ್ಟು ಮೂತ್ರ ಬಂತು, ಯಾವ ಕಡೆ ಮಲಗಿಸಿದ್ದು ಎಷ್ಟು ಗಂಟೆಗೆ. ಡಾಕ್ಟರು ಆ ಪುಟ ನೋಡಿಯೇ ಡೋಸ್ ಬದಲಿಸಿದ್ದಿದೆ.

ನಿಮ್ಮ ತಂದೆಗೆ ಮಾತು ಹೋಗಿದೆ ಅಂದಿರಿ. ಅರ್ಥ ಆಗುವುದೂ ಹೋಗಿದೆ ಅಂತ ಯಾರೂ ಅಂದುಕೊಳ್ಳಬಾರದು. ಬರುವವರಿಗೆ ಮೊದಲೇ ಹೇಳಿ, ಅವರ ಎದುರಿಗೆ ಅವರ ಬಗ್ಗೆ ಏನೇನೋ ಮಾತಾಡಬೇಡಿ ಅಂತ. ಮೇಷ್ಟ್ರಾಗಿದ್ದವರು. ಎಡಗೈಗೆ ಒಂದು ಬೆಲ್ ಕೊಡಿ, ಒತ್ತಿದರೆ ಸದ್ದು ಮಾಡುವಂಥದ್ದು. ಡೋರ್ ಬೆಲ್ ಥರ ವೈರ್ ಇಲ್ಲದ್ದು ಸಿಗುತ್ತದೆ.

ಇನ್ವರ್ಟರ್ ಅಂಗಡಿ
ಕರೆಂಟ್ ವಿಷಯ ಯಾರೂ ಹೇಳಲಿಲ್ಲವಲ್ರೀ. ಸಕ್ಷನ್ ಮಷಿನ್, ಏರ್ ಬೆಡ್, ನೆಬ್ಯುಲೈಜರ್ ಎಲ್ಲ ಕರೆಂಟಿನದ್ದು. ಇನ್ವರ್ಟರ್ ಇಲ್ಲದೆ ಪೇಷಂಟನ್ನು ಮನೆಗೆ ತರಬೇಡಿ. ಕರೆಂಟ್ ಹೋದರೆ ಏರ್ ಬೆಡ್ ಗಾಳಿ ಇಳಿದು ಪೇಷಂಟ್ ಗಟ್ಟಿ ಮಂಚದ ಮೇಲೆ ಬಿದ್ದ ಹಾಗಾಗುತ್ತದೆ. ಸಕ್ಷನ್‌ಗೆ ಕಾಲಲ್ಲಿ ತುಳಿಯುವ ಮಷಿನ್ ಬರುತ್ತದೆ, ಕರೆಂಟೇ ಬೇಡ. ಒಂದು ತಗೊಂಡು ಮಂಚದ ಕೆಳಗೆ ಇಡಿ.

ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಮಷಿನ್, ಆಕ್ಸಿಜನ್ ಕಾನ್ಸಂಟ್ರೇಟರ್, ಬರೆದುಕೊಟ್ಟಿದ್ದರೆ ಲೆಕ್ಕವೇ ಬೇರೆ. 5 ಲೀಟರಿನದು 350 ವ್ಯಾಟ್ ಆಸುಪಾಸು ಎಳೆಯುತ್ತದೆ. 150 ಎಎಚ್ ಬ್ಯಾಟರಿ ಹೊಸದಿದ್ದಾಗ ಮೂರೂವರೆ ಗಂಟೆ ಬಂದರೆ ಪುಣ್ಯ. ಫ್ಯಾನು ಟೀವಿ ಎಲ್ಲ ಅದರ ಮೇಲೇ ಹಾಕಿದರೆ ಅದೂ ಇಲ್ಲ. ಸಿಲಿಂಡರ್ ಒಂದು ಬೇಕೇ ಬೇಕು. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡು ಗಂಟೆ. ಬೆಸ್ಕಾಂ 1912 ಮಂಚದ ಪಕ್ಕ ದೊಡ್ಡದಾಗಿ ಬರೆದು ಅಂಟಿಸಿ. ದೇವರ ಮನೆ ದೀಪ ಹತ್ತಿರ ಆಕ್ಸಿಜನ್ ಇಡಬೇಡಿ, ಇದನ್ನು ಹೇಳದೇ ಇದ್ದರೆ ನನಗೆ ನಿದ್ದೆ ಬರಲ್ಲ.

ನಿಟ್ಟುವಳ್ಳಿ ಮಗಳು
ಆಕ್ಸಿಜನ್ ಬರೆದಿಲ್ಲ ಅಣ್ಣ, ಸದ್ಯ. ಉಳಿದದ್ದನ್ನು ಬರೆದುಕೊಂಡೆ.

ಇನ್ನೊಂದು ಮುಜುಗರದ ವಿಷಯ. ನಮ್ಮದು ಮೊಟ್ಟೆ ಕೂಡ ಬಾರದ ಮನೆ. ಅಮ್ಮ ‘ನಮ್ಮವರೇ’ ಆದರೆ ಮಾತ್ರ ಒಳಗೆ ಬಿಡುತ್ತೇನೆ ಅಂತಾರೆ. ಏಜೆನ್ಸಿಯವರೂ ಅದನ್ನು ಕೇಳಿಯೇ ಕಳಿಸುತ್ತಾರಂತೆ. ಇದನ್ನು ಹೇಗೆ ನಿಭಾಯಿಸಿದಿರಿ?

ಬೆಣ್ಣೆದೋಸೆ ಅಭಿಮಾನಿ
ಅದರಲ್ಲಿ ಮುಜುಗರ ಏನು? ನಮ್ಮ ಮನೆ, ನಮ್ಮ ಪದ್ಧತಿ. ತಟ್ಟೆ ಲೋಟ ಬೇರೆ ಇಟ್ಟರಾಯಿತು.

ರಾತ್ರಿಪಾಳಿ
ಇದಕ್ಕೆ ನಾನು ಉತ್ತರ ಕೊಡಲೇಬೇಕು.

ಒಂದು ಮನೆಯಲ್ಲಿ ನನಗೆ ತಟ್ಟೆ ಬೇರೆ ಇತ್ತು. ಹಿತ್ತಲಿನ ಕಟ್ಟೆ ಮೇಲೆ ಇಡುತ್ತಿದ್ದರು. ಅದೇ ಮನೆಯ ಯಜಮಾನರ ಮಲ ಮೂತ್ರ ಬಾಚುತ್ತಿದ್ದ ಕೈ ನನ್ನದು. ಅವರಿಗೆ ಪೈಪಿನಲ್ಲಿ ಊಟ ಹಾಕುತ್ತಿದ್ದ ಕೈಯೂ ಅದೇ. ಅಡುಗೆಮನೆಗೆ ಮಾತ್ರ ಆ ಕೈ ಬರಬಾರದು. ನಾನು ಆ ಮನೆ ಬಿಟ್ಟೆ. ಅಜ್ಜ ಒಳ್ಳೆಯವರಿದ್ದರು, ಬಿಡುವಾಗ ಬೇಜಾರಾಯಿತು.

ಮಾಂಸ ಮೊಟ್ಟೆ ಮನೆಯೊಳಗೆ ಬೇಡ ಅಂದರೆ ಅದು ಪದ್ಧತಿ, ಮೊದಲೇ ಹೇಳಿ, ಒಪ್ಪಿದವರು ಬರುತ್ತಾರೆ. ರಜೆ ದಿನ ಆಚೆ ತಿಂದು ಬರುತ್ತಾರೆ. ಜಾತಿ ಕೇಳುವುದು ಪದ್ಧತಿ ಅಲ್ಲ. ಹಾಗೆ ಕೇಳುತ್ತಾ ಹೋದರೆ ಟ್ಯೂಬ್ ನೋಡಿಕೊಳ್ಳಲು ಬರುವವರು ಇದ್ದರೂ ಸಿಗದೆ ಹೋಗುತ್ತಾರೆ, ಬಾರದವರು ಮನೆಗೆ ಬರುತ್ತಾರೆ.

ಕ್ಯಾಮೆರಾ ಅಂದ ಅಣ್ಣನಿಗೂ ಒಂದು ಮಾತು. ಪೇಷಂಟ್ ಮಂಚದ ಕಡೆ ಕ್ಯಾಮೆರಾ ಹಾಕಿ, ತಪ್ಪಿಲ್ಲ. ನಮಗೂ ಒಳ್ಳೆಯದೇ, ಆಮೇಲೆ ಯಾರೂ ಸುಳ್ಳು ಹೇಳಲಾರರು. ಆದರೆ ಹೇಳಿ ಹಾಕಿ. ಅವಳು ಮಲಗುವ, ಬಟ್ಟೆ ಬದಲಿಸುವ ಜಾಗದಲ್ಲಿ ಹಾಕಿದರೆ ಅದು ಅಪರಾಧ. ಪೇಷಂಟಿನ ಸ್ನಾನದ ಹೊತ್ತಿಗೆ ಆಫ್ ಮಾಡಿ. ಅಪ್ಪನ ಮಾನವೂ ಇದೆಯಲ್ಲ.

ಒಂಟಿ ಹುಡುಗಿ ಬೇರೆಯವರ ಮನೆಯಲ್ಲಿ ರಾತ್ರಿ ಇರುವುದು ಅಷ್ಟು ಸುಲಭ ಅಲ್ಲ. ಒಳಗಿನಿಂದ ಚಿಲಕ ಇರುವ ಜಾಗ ಮಲಗಲು ಕೊಡಿ. ಮನೆಯಲ್ಲಿ ಕೆಲಸ ಮಾಡುವವರಿಗೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅನ್ವಯಿಸುತ್ತದೆ. ದೂರು ಕೊಡಲು ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರುತ್ತದೆ. ಇದು ನಮ್ಮ ಹುಡುಗಿಯರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ದುರ್ಗದ ಅಮ್ಮ
ತಂಗಿ ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ಅತ್ಯಂತ ಜಾಸ್ತಿ ಕಾಲ ಇದ್ದವಳನ್ನು ನಮ್ಮ ಅತ್ತೆ ಮೊದಲು ಹೊಸ್ತಿಲ ಹತ್ತಿರ ನಿಲ್ಲಿಸಿದ್ದರು. ಆಮೇಲೆ ಅತ್ತೆಗೇ ಸೊಂಟ ಮುರಿಯಿತು. ಮುಂದಿನದು ನಾನು ಬರೆಯಬೇಕಾಗಿಲ್ಲ.

ಹಳೇ ಪಾಸ್‌ಬುಕ್
ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಚರ್ಚೆಗೆ ಸ್ವಲ್ಪ ಅಡ್ಡ ಬರುತ್ತೇನೆ, ಆದರೆ ಮಗಳಿಗೆ ಇದು ಈ ತಿಂಗಳೇ ಬೇಕಾಗುತ್ತದೆ.

ಅಪ್ಪನ ಪಿಂಚಣಿ ಅವರ ಖಾತೆಯಲ್ಲಿದ್ದರೆ, ಬಲಗೈ ಬಿದ್ದಿದೆ, ಸಹಿ ಆಗುವುದಿಲ್ಲ. ಎಡಗೈ ಹೆಬ್ಬೆಟ್ಟು ಆಗುತ್ತದೆ. ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ, ಅದರಲ್ಲಿ ಒಬ್ಬರು ಬ್ಯಾಂಕಿನವರು ಇರಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಮನೆಗೇ ಬನ್ನಿ ಅಂತ ಮ್ಯಾನೇಜರಿಗೆ ಬರೆದುಕೊಡಿ. ಬಾಯಲ್ಲಿ ಹೇಳಿ ಬರಬೇಡಿ. ಅಪ್ಪನಿಗೆ ತಲೆಯಾಡಿಸಿ ಒಪ್ಪಿಗೆ ಹೇಳುವಷ್ಟು ಅರಿವು ಇರುವಾಗಲೇ ಈ ಕೆಲಸ ಮುಗಿಸಿ. ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆ ಪೋಸ್ಟ್‌ಮ್ಯಾನ್ ಮನೆಗೆ ಬಂದು ಬೆರಳಚ್ಚು ತಗೊಳ್ಳುವ ವ್ಯವಸ್ಥೆ ಇದೆ.

ಇನ್‌ಶೂರೆನ್ಸ್ ನಂಬಿಕೊಂಡು ಹೋಮ್ ನರ್ಸ್ ಲೆಕ್ಕ ಹಾಕಬೇಡಿ. ಆಯುಷ್ಮಾನ್ ಇರಲಿ, ಖಾಸಗಿ ಪಾಲಿಸಿ ಇರಲಿ, ಆಸ್ಪತ್ರೆ ಬಿಲ್ಲಿಗೆ ಬರುತ್ತದೆ. ತಿಂಗಳುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವ ಆಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕರೆ, ಅಪ್ಪ ನಿಮ್ಮ ಅವಲಂಬಿತರಾಗಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ 75,000, ಶೇ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಲು ಅವಕಾಶ ಇದೆ. ಅವರಿಗೇ ಒಳ್ಳೆ ಪಿಂಚಣಿ ಬರುತ್ತಿದ್ದರೆ ಆಡಿಟರನ್ನು ಕೇಳಿ.

ದುರ್ಗದ ಅಮ್ಮ
ಹಿರಿಯರು ಪ್ರಮಾಣಪತ್ರ ಅಂದದ್ದಕ್ಕೆ ಸೇರಿಸುತ್ತೇನೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯಲ್ಲಿ ತೋರಿಸಬೇಕು. ನಿಮ್ಮಲ್ಲಿ ಚಿಗಟೇರಿ ಆಸ್ಪತ್ರೆ. ಸ್ಟ್ರೋಕ್ ಆದ ಕೂಡಲೇ ಕೊಡುವುದಿಲ್ಲ, ಸ್ಥಿತಿ ಒಂದು ಹಂತಕ್ಕೆ ನಿಲ್ಲಬೇಕು. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ, ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಅಂಗವಿಕಲರೇ ಆಗಿರುತ್ತಾರೆ, ಚೆನ್ನಾಗಿ ಸಹಾಯ ಮಾಡುತ್ತಾರೆ.

ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಇರುವವರು ಓದುತ್ತಿದ್ದರೆ: ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಬರುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಇಂಥವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ 2024–25ರ ರಾಜ್ಯ ಬಜೆಟ್‌ನಲ್ಲಿ ಘೋಷಣೆ ಆಗಿತ್ತು. ಅಂಗವಿಕಲರ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಸಾವಿರಕ್ಕೆ ಡೈಪರ್ ಕೂಡ ಬರಲ್ಲ, ಆದರೂ ಬಿಡಬೇಡಿ.

ದಾವಣಗೆರೆಯವರಿಗೆ ಒಂದು ಅನುಕೂಲ ಇದೆ, ನಮಗಿಲ್ಲ. ಅಲ್ಲಿ ಕೇಂದ್ರ ಸರ್ಕಾರದ ಅಂಗವಿಕಲರ ಪುನರ್ವಸತಿ ಕೇಂದ್ರ, ಸಿಆರ್‌ಸಿ ಇದೆ. ಫಿಸಿಯೋ, ಸ್ಪೀಚ್ ಥೆರಪಿ ಎಲ್ಲ ಒಂದೇ ಕಡೆ. ಸ್ಪೀಚ್ ಥೆರಪಿ ಅಂದರೆ ಮಾತು ಮಾತ್ರ ಅಲ್ಲ, ನುಂಗುವುದನ್ನೂ ಅವರೇ ನೋಡುತ್ತಾರೆ. ಮೂಗಿನ ಪೈಪು ತೆಗೆಯುವುದು ಅದರ ಮೇಲೇ ನಿಂತಿದೆ.

ಹೊಳಲ್ಕೆರೆ ತೋಟ
ಒಂದು ಪ್ರಶ್ನೆ. ದಾವಣಗೆರೆಯಲ್ಲಿ ನರ್ಸಿಂಗ್ ಕಾಲೇಜು ಬೇಕಾದಷ್ಟಿವೆ. ಹುಡುಗರು ರೂಮ್ ಮಾಡಿಕೊಂಡಿರುತ್ತಾರೆ. ರಾತ್ರಿಗೆ ಮಾತ್ರ ಅಂಥವರನ್ನು ಇಟ್ಟುಕೊಂಡರೆ ಕಡಿಮೆಗೆ ಆಗಲ್ವಾ? ನಮ್ಮ ದೊಡ್ಡಪ್ಪನಿಗೆ ಹಾಗೇ ಮಾಡಿದ್ದೆವು.

ರಾತ್ರಿಪಾಳಿ
ಮಾಡುತ್ತಾರೆ ಅಣ್ಣ, ನಾನೂ ಓದುವಾಗ ಮಾಡಿದ್ದೇನೆ. ಅವರಿಗೆ ಇನ್ನೂ ನೋಂದಣಿ ಇರುವುದಿಲ್ಲ ಅನ್ನುವುದು ತಲೆಯಲ್ಲಿರಲಿ. ಇಂಜೆಕ್ಷನ್, ಕ್ಯಾತಿಟರ್ ಅವರ ಕೈಲಿ ಮಾಡಿಸಬೇಡಿ. ಎಚ್ಚರವಾಗಿದ್ದು ಮಗ್ಗುಲು ಬದಲಿಸಲು, ಸಕ್ಷನ್ ಬೇಕಾದಾಗ ನಿಮ್ಮನ್ನು ಎಬ್ಬಿಸಲು ಆಗುತ್ತದೆ. ಪರೀಕ್ಷೆ ಬಂದಾಗ ಬರುವುದಿಲ್ಲ ಅಂತ ಮೊದಲೇ ಲೆಕ್ಕ ಹಾಕಿ. ಹಗಲು ಆಸ್ಪತ್ರೆ ತರಬೇತಿ ಮುಗಿಸಿ ರಾತ್ರಿ ನಿಮ್ಮ ಮನೆಗೆ ಬಂದವನು ಮಲಗಿಬಿಟ್ಟರೆ ಮತ್ತೆ ಅದೇ ಕಥೆ. ವಾರದಲ್ಲಿ ಎರಡು ಮೂರು ರಾತ್ರಿ, ಇಬ್ಬರು ಹುಡುಗರು ಹಂಚಿಕೊಂಡರೆ ಪರವಾಗಿಲ್ಲ.

ನಿಮ್ಮ ಅಪ್ಪ ಎಷ್ಟು ಭಾರ ಅಕ್ಕ? ಒಂಟಿ ಹೆಂಗಸು ಎತ್ತುವಷ್ಟು ಇಲ್ಲ ಅಂದರೆ ಹಗಲಿಗೆ ಗಂಡಸು ಅಟೆಂಡರ್ ಕೇಳಿ. ಸ್ನಾನಕ್ಕೆ ಅವರಿಗೂ ಸಂಕೋಚ ಕಡಿಮೆ. ಕೈ ಹಿಡಿದು ಎಳೆಯಬೇಡಿ, ಬಿದ್ದ ಕೈಯ ಭುಜ ಜಾರುತ್ತದೆ. ಹಳೆಯ ಬೆಡ್‌ಶೀಟ್ ಮಡಚಿ ಬೆನ್ನ ಕೆಳಗೆ ಹಾಕಿ, ಎರಡು ಕಡೆಯಿಂದ ಇಬ್ಬರು ಹಿಡಿದು ಸರಿಸಬೇಕು.

ನಿಟ್ಟುವಳ್ಳಿ ಮಗಳು
78 ಕೆಜಿ ಇದ್ದರು. ಈಗ ಇಳಿದಿದ್ದಾರೆ, ಆದರೂ ಭಾರವೇ.

ಊಟಕ್ಕೆ ರಾಗಿ ಗಂಜಿ ಹಾಕಬಹುದು ಅಂದರು. ಆಸ್ಪತ್ರೆಯಲ್ಲಿ ಪುಡಿ ಡಬ್ಬ ಕೊಡುತ್ತಾ ಇದ್ದಾರೆ, ಅದು ಸಿಕ್ಕಾಪಟ್ಟೆ ದುಬಾರಿ.

ರಾತ್ರಿಪಾಳಿ
ಹಾಕಬಹುದು, ಶುಗರ್ ಇರುವುದರಿಂದ ಎಷ್ಟು ಅಂತ ಡಯಟಿಷಿಯನ್ ಹತ್ತಿರ ಬರೆಸಿಕೊಳ್ಳಿ. ತೆಳುವಾಗಿ ಮಾಡಿ, ಬಟ್ಟೆಯಲ್ಲಿ ಸೋಸಿ. ರಾಗಿ ಪೈಪಿನಲ್ಲಿ ಕಟ್ಟಿಕೊಂಡರೆ ಬಿಡಿಸಲು ಆಗದು. ಪ್ರತಿ ಸಲ ಊಟ ಆದ ಮೇಲೆ ಸಿರಿಂಜಿನಲ್ಲಿ ನೀರು ಬಿಡಿ. ಶುರು ಮಾಡುವ ಮುಂಚೆ ಮೂಗಿನ ಹತ್ತಿರ ಪೈಪಿನ ಗುರುತು ಅದೇ ಜಾಗದಲ್ಲಿದೆಯಾ ನೋಡಿ. ಜಾರಿದ್ದರೆ ಒಂದು ಹನಿಯೂ ಹಾಕಬೇಡಿ, ನರ್ಸ್ ಕರೆಸಿ. ತಲೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಊಟ ಆದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ. ನೆಂಟರು ಬಂದು ಬಾಯಿಗೆ ತೀರ್ಥ ಬಿಡುತ್ತಾರೆ, ಅದನ್ನು ನೀವು ಕಾವಲು ಕೂತು ತಡೆಯಬೇಕು. ನುಂಗಲು ಬಾರದವರಿಗೆ ಒಂದು ಚಮಚ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಮೂಗಿನ ಪೈಪು ನಾಲ್ಕಾರು ವಾರಕ್ಕಿಂತ ಜಾಸ್ತಿ ಬೇಕಾಗಬಹುದು ಅನ್ನಿಸಿದರೆ ದುರ್ಗದ ಅಮ್ಮ ಹೇಳಿದ ಪೆಗ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ.

ಬೆನ್ನು, ಸೊಂಟದ ಮೂಳೆ, ಹಿಮ್ಮಡಿ ದಿನಾ ನೋಡಿ. ಕೆಂಪಾಗಿದ್ದು ಒತ್ತಿದರೂ ಬಿಳಿಚದೆ ಇದ್ದರೆ ಹುಣ್ಣು ಶುರು. ಅಲ್ಲಿ ತಿಕ್ಕಬೇಡಿ, ಎಣ್ಣೆ ಹಚ್ಚಿ ಮಸಾಜ್ ಅಂತೂ ಬೇಡವೇ ಬೇಡ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ.

ಬೆಂಗಳೂರಲ್ಲಿರೋ ಮಗ
ಮೊನ್ನೆಯಿಂದ ಓದುತ್ತಾ ಇದ್ದೇನೆ. ಅತ್ತಿಗೆ ವಿಷಯ ಚುಚ್ಚಿತು. ಒಪ್ಪುತ್ತೇನೆ. ಆದರೆ ದೂರದಲ್ಲಿದ್ದವರು ದುಡ್ಡು ಕಳಿಸುವುದು ಬಿಟ್ಟು ಏನು ಮಾಡಬೇಕು ಅಂತ ಯಾರಾದರೂ ಹೇಳಿ.

ಹರಿಹರದ ಸೊಸೆ
ಬಹಳ ಇದೆ ಸರ್. ಏಜೆನ್ಸಿ ಜೊತೆ ಜಗಳ ಆಡುವುದು ನಿಮ್ಮ ಕೆಲಸ ಮಾಡಿಕೊಳ್ಳಿ. ಒಬ್ಬರು ಬಿಟ್ಟು ಹೋದರೆ ಎಷ್ಟು ದಿನದಲ್ಲಿ ಇನ್ನೊಬ್ಬರು ಬರಬೇಕು, ಅಡ್ವಾನ್ಸ್ ವಾಪಸ್ ಹೇಗೆ, ನಾವು ಕೊಡುವ ದುಡ್ಡಿನಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಹೋಗುತ್ತದೆ, ಇದೆಲ್ಲ ಬರಹದಲ್ಲಿ ತಗೊಳ್ಳಿ. ಸೇವಾ ಸಿಂಧುವಿನಲ್ಲಿ ಮನೆಕೆಲಸದವರ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಬಹುದು, ಅದು ಬೆಂಗಳೂರಿನಿಂದಲೇ ಆಗುತ್ತದೆ. ಡೈಪರ್, ಸಕ್ಷನ್ ಪೈಪು, ಗ್ಲೌಸ್ ತಿಂಗಳ ಆರ್ಡರ್ ನೀವು ಹಾಕಿ. ನೋಡಿಕೊಳ್ಳುವವರಿಗೆ ವಾರಕ್ಕೊಂದು ರಜೆ ಬೇಕು. ತಿಂಗಳಲ್ಲಿ ಒಂದೆರಡು ಶನಿವಾರ ರಾತ್ರಿ ರೈಲು ಹತ್ತಿ, ಭಾನುವಾರ ನೀವು ಡ್ಯೂಟಿ ಮಾಡಿ. ಅತ್ತಿಗೆ ಅವತ್ತು ಮಲಗಲಿ.

ಬೆಣ್ಣೆದೋಸೆ ಅಭಿಮಾನಿ
ಇಷ್ಟೆಲ್ಲ ಪಾಡು ಪಡುವ ಬದಲು ಆಸ್ಪತ್ರೆಯಲ್ಲೇ ಇನ್ನೊಂದು ತಿಂಗಳು ಇರಬಾರದಾ?

ನಿಟ್ಟುವಳ್ಳಿ ಮಗಳು
ಬಿಲ್ಲು ಯಾರು ಕಟ್ಟುತ್ತಾರೆ ಅಣ್ಣ? ಅಲ್ಲಿ ಸೋಂಕಿನ ಭಯವೂ ಇದೆ, ಡಾಕ್ಟರೇ ಮನೆಗೆ ಹೋಗಿ ಅಂದಿದ್ದಾರೆ.

ಎಲ್ಲರಿಗೂ ಇವತ್ತಿನ ವರದಿ. ತಮ್ಮನಿಗೆ ಈ ಪೋಸ್ಟ್‌ಗಳನ್ನೆಲ್ಲ ಕಳಿಸಿದೆ. ಮೊದಲು ಸಿಟ್ಟು ಮಾಡಿಕೊಂಡ, ಆಮೇಲೆ ಫೋನ್ ಮಾಡಿದ. ಹಗಲಿಗೆ ಮನೆಯಲ್ಲೇ ಉಳಿಯುವ ಗಂಡಸು ಅಟೆಂಡರ್. ವಾರಕ್ಕೆ ಎರಡು ಸಲ ನೋಂದಣಿ ಇರುವ ನರ್ಸ್ ಬಂದು ಟ್ಯೂಬ್, ಕ್ಯಾತಿಟರ್, ಬೆನ್ನು ನೋಡಿ ಹೋಗುತ್ತಾರೆ. ರಾತ್ರಿ ಹತ್ತರಿಂದ ಆರರವರೆಗೆ ಬೇರೆಯವರು, ಇಬ್ಬರು ಹಂಚಿಕೊಂಡು. ಭಾನುವಾರ ತಮ್ಮ ಅಥವಾ ನಾನು. ದುಡ್ಡು ತಮ್ಮ, ನಾನು, ಅಪ್ಪನ ಪಿಂಚಣಿ ಮೂರೂ ಸೇರಿಸಿ. ಆರು ತಿಂಗಳು ಹೀಗೆ ಎಳೆಯಬಹುದು. ಆಮೇಲಿನದು ಆಮೇಲೆ.

ಅಮ್ಮ ಅಟೆಂಡರ್ ಹುಡುಗನ ಊರು ಕೇಳಿದರು. ಹೊಸದುರ್ಗ ಅಂದ. ಮುಂದೆ ಏನೂ ಕೇಳಲಿಲ್ಲ.

ಸಕ್ಷನ್ ಇವತ್ತು ನಾನೇ ಮಾಡಿದೆ, ಸಿಸ್ಟರ್ ಪಕ್ಕದಲ್ಲಿದ್ದರು. ಇಎನ್‌ಟಿಯವರು ತಿಂಗಳು ಬಿಟ್ಟು ಬನ್ನಿ, ತೆಗೆಯಬಹುದಾ ಅಂತ ಟ್ಯೂಬ್ ಮುಚ್ಚಿ ನೋಡೋಣ ಅಂದರು.

ದುರ್ಗದ ಅಮ್ಮ
ನೋಟ್‌ಬುಕ್ ತಂದಿರಾ?

ನಿಟ್ಟುವಳ್ಳಿ ಮಗಳು
200 ಪುಟದ್ದು ತಂದೆ ಅಮ್ಮ. ಮೊದಲ ಪುಟ ಅಮ್ಮನೇ ಬರೆದರು. ಅಪ್ಪನಿಗೆ ಬೆಳಿಗ್ಗೆ ಪೇಪರ್ ಓದಿ ಹೇಳಬೇಕು, ಕ್ರೀಡಾ ಪುಟದಿಂದ ಶುರು ಮಾಡಬೇಕು ಅಂತ.

ರಾತ್ರಿಪಾಳಿ
ಚೆನ್ನಾಗಿದೆ ಅಕ್ಕ. ಇನ್ನೊಂದು ಮರೆತಿದ್ದೆ. ಗಂಟಲಿನ ಟ್ಯೂಬ್ ಹೆಚ್ಚುವರಿ ಎರಡು ಮನೆಯಲ್ಲಿರಬೇಕು. ಈಗಿರುವ ಸೈಜಿನದು ಒಂದು, ಅದಕ್ಕಿಂತ ಒಂದು ಸೈಜ್ ಚಿಕ್ಕದು ಒಂದು. ಟ್ಯೂಬ್ ಆಚೆ ಬಂದುಬಿಟ್ಟರೆ ತೂತು ಬೇಗ ಕಿರಿದಾಗುತ್ತದೆ, ಅದೇ ಸೈಜ್ ಹೋಗದೇ ಇರಬಹುದು. ಆಂಬುಲೆನ್ಸಿನವರ ಹತ್ತಿರ ನಿಮ್ಮ ಸೈಜ್ ಇರುತ್ತದೆ ಅಂತ ನಂಬಬೇಡಿ. ಪ್ಯಾಕ್ ಒಡೆಯದೆ ತಲೆದಿಂಬಿನ ಪಕ್ಕದ ಡಬ್ಬದಲ್ಲಿ ಇಡಿ.

ನಿಟ್ಟುವಳ್ಳಿ ಮಗಳು
ಡಿಸ್ಚಾರ್ಜ್ ಸಮ್ಮರಿ ಕರಡಿನಲ್ಲಿ ಸೈಜ್ ಬರೆದಿಲ್ಲ ತಂಗಿ.

ರಾತ್ರಿಪಾಳಿ
ಟ್ಯೂಬಿಗೆ ಕತ್ತಿನ ಮೇಲೆ ಕೂರುವ ಪಟ್ಟಿ ಇರುತ್ತದಲ್ಲ, ದಾರ ಕಟ್ಟುತ್ತಾರಲ್ಲ ಅದು. ಅದರ ಮೇಲೆ ಅಚ್ಚಾಗಿರುತ್ತದೆ ನೋಡಿ. ಫೋಟೋ ತೆಗೆದುಕೊಳ್ಳಿ. ಸಮ್ಮರಿಯಲ್ಲೂ ಬರೆಸಿ.

ನಿಟ್ಟುವಳ್ಳಿ ಮಗಳು
7.5 ಅಂತಿದೆ.

ರಾತ್ರಿಪಾಳಿ
ಹಾಗಾದರೆ 7.5 ಒಂದು, 7 ಒಂದು. ನಾಳೆಯೇ ತಗೊಳ್ಳಿ, ಭಾನುವಾರ ಅಂಗಡಿ ಮುಚ್ಚಿರುತ್ತದೆ.